ಮರಳುವ ದಾರಿಯೂ ಪ್ರವಾಸವೇ

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಅನೇಕ ಕುಟುಂಬಗಳು ಕಾರಿನ ಹಿಂಬದಿಗೆ ಟೆಂಟು, ಒಲೆ, ಹಾಸಿಗೆ, ಹೊದಿಕೆ ತುಂಬಿಕೊಂಡು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕಡೆ ಹೊರಡುತ್ತವೆ. ಸಿಲಿಕಾನ್ ವ್ಯಾಲಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಮಕ್ಕಳ ಶಾಲೆ ಮುಗಿಯುವ ಹೊತ್ತಿಗೆ ಇಂಥ ತಯಾರಿ ನಡೆದಿರುತ್ತದೆ. ಅವಲಕ್ಕಿ, ಚಟ್ನಿಪುಡಿ, ಪುಟ್ಟ ಕುಕ್ಕರು ಸಾಮಾನಿನ ಜೊತೆ ಸೇರುತ್ತವೆ. ಯಾವ ರಾತ್ರಿ ಎಲ್ಲಿ ಟೆಂಟು ಹಾಕಬೇಕು, ಬಿಸಿನೀರಿನ ಬುಗ್ಗೆ ಚಿಮ್ಮುವುದನ್ನು ಎಷ್ಟು ಹೊತ್ತಿಗೆ ನೋಡಬೇಕು, ಬೈಸನ್ ಹಿಂಡು ಕಾಣಬೇಕಾದರೆ ಯಾವ ಕಣಿವೆಗೆ ಹೋಗಬೇಕು ಎಂಬುದೆಲ್ಲ ತಿಂಗಳುಗಳ ಮುಂಚೆಯೇ ಗೊತ್ತಾಗಿರುತ್ತದೆ. ಇಷ್ಟು ಜತನದಿಂದ ಬರೆದ ಪಟ್ಟಿಯ ಕೊನೆಗೆ ಬಂದರೆ ಮಾತ್ರ ಸಾಮಾನ್ಯವಾಗಿ ಸಿಗುವುದು ‘ವಾಪಸ್ ಮನೆಗೆ’ ಎಂಬ ಎರಡೇ ಪದ. ಆ ಎರಡು ಪದಗಳೊಳಗೆ ಸುಮಾರು 1,500 ಕಿಲೋಮೀಟರ್ ರಸ್ತೆಯಿದೆ. ಐಡಾಹೊದ ಬಯಲು, ನೆವಾಡದ ಮರುಭೂಮಿ, ಸಿಯೆರಾ ನೆವಾಡ ಪರ್ವತಸಾಲು ಇವೆ. ಎಲ್ಲೂ ನಿಲ್ಲದೆ ಓಡಿಸಿದರೂ ಹದಿನಾಲ್ಕು ಗಂಟೆ ಹಿಡಿಯುವ ಆ ದಾರಿಯನ್ನು ಒಂದೇ ದಿನದಲ್ಲಿ, ಆಗದಿದ್ದರೆ ಒಂದೂವರೆ ದಿನದಲ್ಲಿ ಮುಗಿಸಿಬಿಡುವವರು ಬಹಳ.

ಈ ರೂಢಿ ಬದಲಾಗಬೇಕು ಎಂಬುದು ಈ ಲೇಖನದ ವಾದ. ಕುಟುಂಬವೊಂದು ಟೆಂಟು ಕಟ್ಟಿಕೊಂಡು ಮಾಡುವ ದೀರ್ಘ ಪ್ರವಾಸದಲ್ಲಿ ಕೊನೆಯ ಎರಡು ಮೂರು ದಿನಗಳೇ ಹೆಚ್ಚು ಅಪಾಯದವು, ಹೆಚ್ಚು ದುಡಿಮೆಯವು, ನೆನಪಿನ ಮೇಲೂ ಹೆಚ್ಚು ಪರಿಣಾಮ ಮಾಡಬಲ್ಲವು. ಆದರೂ ನಾವು ಸಮಯ, ಹಣ, ಗಮನ ಎಲ್ಲವನ್ನೂ ದೂರದ ತುದಿಯಲ್ಲೇ ಖರ್ಚು ಮಾಡಿ, ಉಳಿದ ಚೂರುಪಾರನ್ನು ಈ ದಿನಗಳಿಗೆ ಕೊಡುತ್ತೇವೆ. ನಮ್ಮ ಊಟದ ಕ್ರಮದಲ್ಲಿ ಮಜ್ಜಿಗೆ ಅನ್ನ ಕೊನೆಗೆ ಬರುತ್ತದೆ. ಅದು ಮಿಕ್ಕಿದ್ದಕ್ಕೆ ಬಡಿಸುವುದಲ್ಲ, ಉಂಡದ್ದೆಲ್ಲ ಹೊಟ್ಟೆಯಲ್ಲಿ ನೆಲೆಗೊಳ್ಳಲಿ ಎಂದು ಬಡಿಸುವುದು. ಪ್ರವಾಸದ ಕೊನೆಯ ದಿನಗಳಿಗೂ ಅಂಥದೇ ಕೆಲಸವಿದೆ. ಆದ್ದರಿಂದ ಯೋಜನೆ ಹಾಕುವಾಗ ಮೊದಲು ತುಂಬಬೇಕಾದದ್ದು ಪಟ್ಟಿಯ ಕೊನೆಯ ಸಾಲನ್ನು. ಮಿಕ್ಕದ್ದನ್ನು ಅಲ್ಲಿಂದ ಹಿಮ್ಮುಖವಾಗಿ ತುಂಬುತ್ತ ಬರಬೇಕು.

ಕೊನೆಯ ದಿನದ ಈ ಅವಸರ ಹಳೆಯದಲ್ಲ. 1903ರಲ್ಲಿ ಹೊರೇಷಿಯೊ ನೆಲ್ಸನ್ ಜಾಕ್ಸನ್ ಎಂಬ ವೈದ್ಯ, ಸಂಗಾತಿ ಸೂವೆಲ್ ಕ್ರಾಕರ್ ಜೊತೆ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ ಕಾರಿನಲ್ಲಿ ಹೋಗಿ ತಲುಪಲು 63 ದಿನ ಬೇಕಾಯಿತು; ಕಾರಿನಲ್ಲಿ ಆ ಖಂಡವನ್ನು ದಾಟಿದವರಲ್ಲಿ ಅವರೇ ಮೊದಲಿಗರು. ಯೆಲ್ಲೋಸ್ಟೋನ್ ಒಳಗೆ ಕಾರುಗಳಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1915ರ ಆಗಸ್ಟಿನಲ್ಲಿ. 1920ರ ದಶಕದಲ್ಲಿ ಕಾರಿನ ಪಕ್ಕಕ್ಕೇ ಟೆಂಟು ಕಟ್ಟಿ ರಾತ್ರಿ ಕಳೆಯುವ ಕುಟುಂಬಗಳ ಸಂಖ್ಯೆ ಏರಿತು, ಊರೂರಿನಲ್ಲೂ ಅವರಿಗೆಂದೇ ಬಯಲುಗಳು ಸಿದ್ಧವಾದವು. ಆ ಕಾಲದ ರಸ್ತೆಯೇ ವೇಗಕ್ಕೆ ಮಿತಿ ಹಾಕುತ್ತಿತ್ತು. ಹೋಗುವಾಗ ಎಷ್ಟು ರಾತ್ರಿ ಟೆಂಟು ಹಾಕಬೇಕಾಗುತ್ತಿತ್ತೋ ಬರುವಾಗಲೂ ಹೆಚ್ಚುಕಡಿಮೆ ಅಷ್ಟೇ ರಾತ್ರಿ ಹಾಕಬೇಕಿತ್ತು. 1956ರ ಕಾಯ್ದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಬೆಳೆಯತೊಡಗಿದ ಮೇಲೆ ಈ ಸಮತೋಲ ತಪ್ಪಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಪೂರ್ವಕ್ಕೆ ಹೋಗುವ 80ನೇ ಹೆದ್ದಾರಿ 1986ರಲ್ಲಿ ಪೂರ್ತಿಯಾಯಿತು. ನೆವಾಡದಲ್ಲಿ ಅದರ ಕೆಲವು ಭಾಗದಲ್ಲಿ ಈಗ ಗಂಟೆಗೆ 80 ಮೈಲಿ, ಎಂದರೆ ಸುಮಾರು 129 ಕಿಲೋಮೀಟರ್ ವೇಗಕ್ಕೆ ಅನುಮತಿಯಿದೆ. ರಸ್ತೆ ಸಾವಿರ ಕಿಲೋಮೀಟರನ್ನು ಒಂದು ದಿನದೊಳಗೆ ತಂದುಕೊಟ್ಟಿತು. ಅದನ್ನು ಓಡಿಸುವ ಮನುಷ್ಯನ ಕಣ್ಣು, ಬೆನ್ನು, ಎಚ್ಚರ ಮಾತ್ರ ಜಾಕ್ಸನ್ ಕಾಲದಲ್ಲಿ ಇದ್ದಷ್ಟೇ ಉಳಿದವು.

ಮನುಷ್ಯನ ಈ ಮಿತಿಯನ್ನು ಅಮೆರಿಕದ ಕಾನೂನು ಒಂದು ಕಡೆ ಸ್ಪಷ್ಟವಾಗಿ ಒಪ್ಪಿಕೊಂಡಿದೆ. ಸರಕು ಸಾಗಿಸುವ ಲಾರಿ ಚಾಲಕ ಸತತ 10 ಗಂಟೆ ವಿರಾಮ ಪಡೆದ ಮೇಲೂ ಗರಿಷ್ಠ 11 ಗಂಟೆ ಮಾತ್ರ ಓಡಿಸಬಹುದು. ನಡುವೆ ಎಂಟು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯ ಬಿಡುವು ಕಡ್ಡಾಯ. ನಮ್ಮ ದೇಶದಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನದ ದುಡಿಮೆಗೆ ಎಂಟು ಗಂಟೆಯ ಮಿತಿ ಇಟ್ಟಿತ್ತು. ಇವರೆಲ್ಲ ಓಡಿಸುವುದನ್ನೇ ಕಸುಬಾಗಿ ಮಾಡಿಕೊಂಡವರು. ವರ್ಷವಿಡೀ ಕಚೇರಿಯಲ್ಲಿ ಕುಳಿತು, ರಜೆಯಲ್ಲಷ್ಟೇ ದೂರದ ದಾರಿ ಹಿಡಿಯುವ ತಂದೆಗೋ ತಾಯಿಗೋ ಇಂಥ ಯಾವ ಮಿತಿಯೂ ಇಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರೂ ಅವರು ಹದಿನಾರು ಗಂಟೆ ರಸ್ತೆಯಲ್ಲಿರಬಹುದು. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಹದಿನೇಳು ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಚುರುಕು ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ಭಾರತದಲ್ಲಿ ಕುಡಿದು ಓಡಿಸಿದ್ದಕ್ಕೆ ಶಿಕ್ಷೆಯಾಗುವುದು ಶೇ 0.03 ದಾಟಿದರೇ. ಬೆಳಗ್ಗೆ ಐದಕ್ಕೆ ಎದ್ದು ಟೆಂಟು ಬಿಚ್ಚಿ ಹೊರಟವರು ರಾತ್ರಿ ಹತ್ತಕ್ಕೂ ಸ್ಟಿಯರಿಂಗ್ ಹಿಡಿದಿದ್ದರೆ ಈ ಲೆಕ್ಕದೊಳಗೇ ಬರುತ್ತಾರೆ. ಇನ್ನು ಹಿಂದಿನ ರಾತ್ರಿಯ ನಿದ್ದೆ. ಅಮೆರಿಕದ ಎಎಎ ಸುರಕ್ಷತಾ ಪ್ರತಿಷ್ಠಾನ 2016ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಏಳು ಗಂಟೆ ನಿದ್ದೆ ಮಾಡಿದವರಿಗೆ ಹೋಲಿಸಿದರೆ ಐದಾರು ಗಂಟೆಯಷ್ಟೇ ಮಲಗಿದ ಚಾಲಕರು ಅಪಘಾತಕ್ಕೆ ಸಿಲುಕುವ ಸಂಭವ ಹೆಚ್ಚುಕಡಿಮೆ ಇಮ್ಮಡಿ. ನಾಲ್ಕೈದು ಗಂಟೆಗೆ ಇಳಿದರೆ ನಾಲ್ಕು ಪಟ್ಟಿಗೂ ಹೆಚ್ಚು.

ಕ್ಯಾಂಪಿಂಗ್ ಮಾಡಿ ಬರುವವರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಕೊಲೊರಾಡೊ ವಿಶ್ವವಿದ್ಯಾಲಯದ ಕೆನೆತ್ ರೈಟ್ ಮತ್ತು ಸಂಗಡಿಗರು ಎಂಟು ಜನರನ್ನು ಬೇಸಿಗೆಯಲ್ಲಿ ಒಂದು ವಾರ ರಾಕಿ ಪರ್ವತದಲ್ಲಿ ಟೆಂಟಿನಲ್ಲಿ ಇರಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೂರ್ಯನ ಬೆಳಕು, ಬೆಂಕಿಯ ಬೆಳಕು ಬಿಟ್ಟರೆ ಅವರಿಗೆ ಬೇರೆ ದೀಪವಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವರ ದೇಹದ ಒಳಗಡಿಯಾರ ಸುಮಾರು ಎರಡು ಗಂಟೆ ಮುಂಚಿನ ವೇಳೆಗೆ ಸರಿದು, ದೇಹ ಮೊದಲಿಗಿಂತ ಬೇಗ ರಾತ್ರಿಗೆ ಅಣಿಯಾಗುತ್ತಿತ್ತು. ಟಾರ್ಚು, ಫೋನು ಬಳಸುವ ಕುಟುಂಬಕ್ಕೆ ಇದು ಇಷ್ಟೇ ಪ್ರಮಾಣದಲ್ಲಿ ಆಗಲಾರದು. ಆದರೂ ಕತ್ತಲಾದೊಡನೆ ಮಲಗಿ ಬೆಳಕಾದೊಡನೆ ಏಳುವ ಅಭ್ಯಾಸ ನಾಲ್ಕೈದು ದಿನದಲ್ಲಿ ಯಾರಿಗೂ ಹತ್ತುತ್ತದೆ. ಮನೆಯಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೂ ಚುರುಕಾಗಿರುತ್ತಿದ್ದ ಚಾಲಕನಿಗೆ ಈಗ ಒಂಬತ್ತಕ್ಕೇ ರೆಪ್ಪೆ ಭಾರವಾಗುವುದು ಸಹಜ. ದಾರಿಯೂ ನೆರವಾಗುವುದಿಲ್ಲ. ಯೆಲ್ಲೋಸ್ಟೋನ್‌ನಿಂದ ಪಶ್ಚಿಮಕ್ಕೆ ಬರುವಾಗ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕೈಗೆ ಒಂದು ಗಂಟೆ ಹೆಚ್ಚಿಗೆ ಸಿಕ್ಕಿತೆಂದುಕೊಂಡು ಮುಂದಿನ ಊರಿನ ತನಕ ಓಡಿಸೋಣ ಎನ್ನಿಸುತ್ತದೆ, ದೇಹಕ್ಕೆ ಮಾತ್ರ ಆ ಗಂಟೆ ಸಿಕ್ಕಿರುವುದಿಲ್ಲ. ಮಧ್ಯಾಹ್ನ ಇಳಿದ ಮೇಲೆ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ತೂಕಡಿಕೆಯ ಅಪಘಾತಗಳ ಲಕ್ಷಣ ಹೇಳುವಾಗ ಮಧ್ಯರಾತ್ರಿಯಿಂದ ಬೆಳಗಿನ ಆರು ಗಂಟೆ, ಇಳಿಮಧ್ಯಾಹ್ನ, ಊರಾಚೆಯ ಹೆದ್ದಾರಿ ಇವನ್ನೇ ಹೆಸರಿಸುತ್ತದೆ. ಅವಸರದ ಮರಳುದಾರಿಯಲ್ಲಿ ಇವೆಲ್ಲ ಒಂದೇ ದಿನ ಕೂಡಿ ಬರುತ್ತವೆ.

ಅಪಾಯದ ಮಾತು ಹಾಗಿರಲಿ. ಏನೂ ಆಗದೆ ಮನೆ ಮುಟ್ಟಿದರೂ ನಷ್ಟವಿದೆ, ಅದು ನೆನಪಿಗೆ ಸಂಬಂಧಿಸಿದ್ದು. ಡೇನಿಯಲ್ ಕಾನಮನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಪ್ರಯೋಗ ಈಗ ಪ್ರಸಿದ್ಧ. ಜನರು ಒಮ್ಮೆ 14 ಡಿಗ್ರಿ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಅದ್ದಿ ಹಿಡಿದರು. ಇನ್ನೊಮ್ಮೆ ಅದೇ ಒಂದು ನಿಮಿಷದ ಮೇಲೆ ಅರ್ಧ ನಿಮಿಷ ಹೆಚ್ಚಿಗೆ, ನೀರು 15 ಡಿಗ್ರಿಗೆ ಬೆಚ್ಚಗಾಗುತ್ತಿದ್ದಂತೆ ಹಿಡಿದರು. ಮತ್ತೆ ಮಾಡುವುದಾದರೆ ಯಾವುದನ್ನು ಆರಿಸುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಎರಡನೆಯದನ್ನೇ ಆರಿಸಿದರು. ಒಟ್ಟು ನೋವು ಹೆಚ್ಚಿದ್ದರೂ ಅದು ಮುಗಿದ ರೀತಿ ಹಿತವಾಗಿತ್ತು. ಒಂದು ಅನುಭವದ ಅತಿ ತೀವ್ರವಾದ ಗಳಿಗೆ ಮತ್ತು ಅದರ ಕೊನೆ, ಇವೆರಡೂ ನೆನಪಿನಲ್ಲಿ ಹೆಚ್ಚು ತೂಗುತ್ತವೆ, ಅನುಭವ ಎಷ್ಟು ಹೊತ್ತಿನದೆಂಬುದು ಕಡಿಮೆ ತೂಗುತ್ತದೆ ಎಂಬ ಸೂತ್ರ ಇಂಥ ಅಧ್ಯಯನಗಳಿಂದ ಹುಟ್ಟಿತು. ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ: ಒಂದು ನಿಮಿಷದ ತಣ್ಣೀರಿಗೂ ಹತ್ತು ದಿನದ ಪ್ರವಾಸಕ್ಕೂ ಎಲ್ಲಿಯ ಸಂಬಂಧ? ನ್ಯೂಜಿಲೆಂಡಿನ ಸೈಮನ್ ಕೆಂಪ್ ಮತ್ತು ಸಂಗಡಿಗರು 2008ರಲ್ಲಿ ಈ ಸೂತ್ರವನ್ನು ರಜೆಯ ಪ್ರವಾಸಗಳ ಮೇಲೆಯೇ ಪರೀಕ್ಷಿಸಿದರು. ಅಲ್ಲಿ ಅದು ಅಷ್ಟು ಚೆನ್ನಾಗಿ ಹೊಂದಲಿಲ್ಲ. ಕೊನೆಗಿಂತ, ಅಪರೂಪದ ಗಳಿಗೆಗಳೇ ಹೆಚ್ಚು ತೂಗಿದವು. ಈ ಫಲಿತಾಂಶವನ್ನು ಬದಿಗೆ ಸರಿಸಬಾರದು. ಕೊನೆಯ ದಿನ ಕೆಟ್ಟರೆ ಇಡೀ ಪ್ರವಾಸದ ನೆನಪು ಕೆಡುತ್ತದೆ ಎಂದು ಹೇಳಲು ಆಧಾರ ಸಾಲದು. ಆದರೆ ಅದೇ ಅಧ್ಯಯನ ನನ್ನ ವಾದಕ್ಕೆ ಇನ್ನೊಂದು ಬದಿಯಿಂದ ಒದಗುತ್ತದೆ. ಅಪರೂಪದ ಗಳಿಗೆಗಳೇ ಉಳಿಯುವುದಾದರೆ, ಹತ್ತರಲ್ಲಿ ಎರಡು ದಿನವನ್ನು ಅಂಥ ಒಂದು ಗಳಿಗೆಯೂ ಹುಟ್ಟದಂತೆ ಕಾರಿನೊಳಗೆ ಮುಚ್ಚಿಡುವುದು ಕೈಯಾರೆ ಮಾಡಿಕೊಂಡ ನಷ್ಟವೇ.

ಮನೆಗೆ ಬಂದ ಮೇಲಿನ ದಿನಗಳ ಬಗೆಗೂ ಸಂಶೋಧನೆ ನಡೆದಿದೆ. ನೆದರ್ಲೆಂಡ್ಸ್‌ನಲ್ಲಿ ಯೆರೂನ್ ನವೈನ್ ಮತ್ತಿತರರು 1,530 ವಯಸ್ಕರನ್ನು ಗಮನಿಸಿ 2010ರಲ್ಲಿ ಹೇಳಿದ್ದು ಇದು: ಪ್ರವಾಸ ಹೋಗಿ ಬಂದವರು ಹೋಗದವರಿಗಿಂತ, ಬಂದ ಮೇಲೆ ಹೆಚ್ಚು ಸಂತೋಷವಾಗಿ ಏನೂ ಇರಲಿಲ್ಲ. ತಮ್ಮ ಪ್ರವಾಸ ಬಹಳ ನಿರಾಳವಾಗಿತ್ತು ಎಂದವರು ಮಾತ್ರ ಇದಕ್ಕೆ ಹೊರತು. ಅವರಲ್ಲೂ ಆ ಲಾಭ ಕೆಲವು ವಾರಗಳಲ್ಲಿ ಕರಗಿತು. ಎಷ್ಟು ದೂರ ಹೋದೆವು, ಎಷ್ಟು ತಾಣ ನೋಡಿದೆವು ಎನ್ನುವುದಕ್ಕಿಂತ ಮನಸ್ಸು ಎಷ್ಟು ಹಗುರವಾಗಿತ್ತು ಎಂಬುದು ಮನೆಯ ತನಕ ಜೊತೆ ಬರುತ್ತದೆ ಎಂದಾಯಿತು. ಭಾನುವಾರ ನಡುರಾತ್ರಿ ಮನೆ ಸೇರಿ ಸೋಮವಾರ ಬೆಳಗ್ಗೆ ಕಚೇರಿಗೆ ಓಡುವವರಲ್ಲಿ ಆ ಹಗುರ ಉಳಿಯಲು ಎಡೆಯೆಲ್ಲಿ?

ಮರಳುವ ಈ ದಿನಗಳಲ್ಲಿ ಬಹುತೇಕ ಯಾರ ಲೆಕ್ಕಕ್ಕೂ ಬಾರದ ದುಡಿಮೆಯೊಂದಿದೆ. ಹೋಟೆಲಿನಲ್ಲಿ ತಂಗಿದವರು ಬೀಗದ ಕೈ ಕೊಟ್ಟು ಹೊರಡಬಹುದು. ಟೆಂಟಿನಲ್ಲಿ ತಂಗಿದವರು ಆ ರಾತ್ರಿಯ ಮನೆಯನ್ನೇ ಬಿಚ್ಚಿ ಮಡಿಸಿ ಕಾರಿಗೆ ತುಂಬಬೇಕು. ಬೆಳಗಿನ ಇಬ್ಬನಿಗೆ ಒದ್ದೆಯಾದ ಟೆಂಟನ್ನು ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರವಿ ಒಣಗಿಸಲು ಒಂದೆರಡು ಗಂಟೆ ಬೇಕು. ಕೂಲರಿನ ಐಸು ಕರಗಿ ಮಿಕ್ಕ ತರಕಾರಿ, ಮೊಸರು ನೀರಿನಲ್ಲಿ ತೇಲುತ್ತಿರುತ್ತದೆ. ಉಳಿದ ಸೌದೆಯನ್ನು ಮನೆಗೆ ಒಯ್ಯುವಂತಿಲ್ಲ, ಯಾಕೆಂದರೆ ಅದರೊಳಗಿನ ಹುಳುಗಳು ಬೇರೆ ಕಾಡಿಗೆ ಹರಡುತ್ತವೆ. ಅವಸರದಲ್ಲಿ ಹೊರಟರೆ ಈ ಕೆಲಸವೆಲ್ಲ ಹಾಗೇ ಗಂಟು ಕಟ್ಟಿಕೊಂಡು ಮನೆಗೆ ಬರುತ್ತದೆ. ಕೆಲವು ಮನೆಗಳಲ್ಲಿ ಅದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಬಹಳಷ್ಟು ಮನೆಗಳಲ್ಲಿ ತಾಯಿಯೊಬ್ಬಳ ತಲೆಗೆ ಬೀಳುತ್ತದೆ. ಉಳಿದವರು ಮಲಗಿದ ಮೇಲೆ ಪಾತ್ರೆ, ಬಟ್ಟೆ, ಹೊದಿಕೆಗಳ ರಾಶಿಯ ಮುಂದೆ ಅವಳು ನಿಂತಿದ್ದರೆ, ಆ ಪ್ರವಾಸ ಇಡೀ ಕುಟುಂಬದ್ದಾಗಿತ್ತೆಂದು ಹೇಳುವುದು ನ್ಯಾಯವಲ್ಲ.

80ನೇ ಹೆದ್ದಾರಿ ಸಿಯೆರಾ ನೆವಾಡವನ್ನು ದಾಟುವ ಜಾಗದಲ್ಲೇ ಪಯಣದ ಕೊನೆಯ ಹಂತದ ಅಪಾಯಕ್ಕೆ ಅತ್ಯಂತ ಕಠೋರವಾದ ಉದಾಹರಣೆಯಿದೆ. 1846ರಲ್ಲಿ ಇಲಿನಾಯ್ಸ್‌ನಿಂದ ಡಾನರ್ ಮತ್ತು ರೀಡ್ ಕುಟುಂಬಗಳು ಎತ್ತಿನ ಬಂಡಿಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟವು. ದಾರಿಯಲ್ಲಿ ಬೇರೆ ಕುಟುಂಬಗಳು ಸೇರಿ ತಂಡದಲ್ಲಿ 87 ಜನರಾದರು, ಅವರಲ್ಲಿ ಅರ್ಧದಷ್ಟು ಮಂದಿ ಮಕ್ಕಳು. ಅವರದು ರಜೆಯ ಪ್ರವಾಸವಲ್ಲ, ವಲಸೆ; ಆದರೆ ರಾತ್ರಿ ರಾತ್ರಿ ಬೀಡು ಬಿಡುತ್ತ ಮಕ್ಕಳು ಮರಿಗಳೊಂದಿಗೆ ಸಾಗುವ ಕುಟುಂಬ ಪಯಣದ ಕಷ್ಟಗಳೆಲ್ಲ ಅವರಿಗೂ ಇದ್ದವು. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ ಪ್ರಚಾರ ಮಾಡಿದ್ದ ಒಳದಾರಿಯನ್ನು ಅವರು ನಂಬಿದರು. ಆ ದಾರಿ ಬಂಡಿಗಳಿಗಲ್ಲ ಎಂದು ಬೆಟ್ಟಗಾಡಿನ ಅನುಭವಿ ಜೇಮ್ಸ್ ಕ್ಲೈಮನ್ ಎಚ್ಚರಿಸಿದ್ದರೂ ಕೇಳಲಿಲ್ಲ. ಬೇಗ ತಲುಪಿಸಬೇಕಿದ್ದ ಒಳದಾರಿ ಕಾಡು ಕಡಿಯುವುದರಲ್ಲಿ, ಉಪ್ಪಿನ ಮರುಭೂಮಿ ದಾಟುವುದರಲ್ಲಿ ವಾರಗಟ್ಟಲೆ ಸಮಯವನ್ನೂ ಅನೇಕ ಎತ್ತುಗಳನ್ನೂ ನುಂಗಿತು. ಅಕ್ಟೋಬರ್ ಕೊನೆಗೆ ಅವರು ಕಟ್ಟಕಡೆಯ ಪರ್ವತದ ಬುಡ ಮುಟ್ಟಿದಾಗ ಹಿಮ ಬಿದ್ದು ಕಣಿವೆ ಮುಚ್ಚಿತ್ತು. ಸೇರಬೇಕಿದ್ದ ಸಟರ್ ಕೋಟೆ ಅಲ್ಲಿಂದ ಸುಮಾರು 160 ಕಿಲೋಮೀಟರ್ ಮಾತ್ರ. ಸಾವಿರಾರು ಕಿಲೋಮೀಟರ್ ದಾಟಿ ಬಂದವರು ಆ ಕೊನೆಯ ತುಂಡಿನಲ್ಲಿ ಸಿಕ್ಕಿಕೊಂಡು, ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನ ಸತ್ತರು.

ಈ ಇತಿಹಾಸ ನನ್ನ ವಾದಕ್ಕೆ ವಿರುದ್ಧವಾದ ಸಾಕ್ಷಿಯನ್ನೂ ಹೇಳುತ್ತದೆಂದು ಯಾರಾದರೂ ಎತ್ತಿ ತೋರಿಸಬಹುದು. ಪರ್ವತ ಹತ್ತುವ ಮುನ್ನ ಅವರು ಈಗಿನ ರೀನೊ ನಗರವಿರುವ ಹುಲ್ಲುಗಾವಲಿನಲ್ಲಿ ಎತ್ತುಗಳ ದಣಿವಾರಿಸಲು ಕೆಲವು ದಿನ ನಿಂತಿದ್ದರು. ನಿಲ್ಲದೆ ಮುಂದೆ ಹೋಗಿದ್ದರೆ ಬಹುಶಃ ದಾಟಿಬಿಡುತ್ತಿದ್ದರು. ಬದುಕುಳಿದ 13 ವರ್ಷದ ಹುಡುಗಿ ವರ್ಜೀನಿಯಾ ರೀಡ್ 1847ರಲ್ಲಿ ತನ್ನ ಸೋದರಸಂಬಂಧಿಗೆ ಬರೆದ ಪತ್ರದಲ್ಲಿ, ಒಳದಾರಿ ಹಿಡಿಯಬೇಡಿ ಎನ್ನುವುದರ ಜೊತೆಗೇ ಆದಷ್ಟು ಬೇಗ ಸಾಗಿ ಎಂದೂ ತಿಳಿಸಿದ್ದಳು. ಹಾಗಾದರೆ ಬೇಗ ಸಾಗುವುದೇ ಸರಿಯಲ್ಲವೇ? ಬೇಗ ಸಾಗಬೇಕಾದದ್ದು ಯಾವಾಗ ಎಂಬುದು ಇಲ್ಲಿನ ಪ್ರಶ್ನೆ. ಮೈಯಲ್ಲಿ ಕಸುವಿದ್ದಾಗ, ಎತ್ತುಗಳು ಗಟ್ಟಿಯಿದ್ದಾಗ, ಮುಂದೆ ದಿನಗಳಿದ್ದಾಗ ಸಾಗಿದರೆ ಕೊನೆಗೆ ವಿರಾಮಕ್ಕೂ ಸಮಯವಿರುತ್ತದೆ. ಅವರ ಎತ್ತುಗಳಿಗೆ ವಿಶ್ರಾಂತಿ ಬೇಕೇ ಬೇಕಿತ್ತು. ಅದನ್ನು ಕೊಡಲು ಬೇಕಾದ ದಿನಗಳನ್ನು ಒಳದಾರಿ ಆಗಲೇ ತಿಂದುಹಾಕಿತ್ತು. ಆ ಹುಡುಗಿಯ ಎರಡು ಮಾತುಗಳೂ ಒಂದನ್ನೇ ಹೇಳುತ್ತವೆ: ಬಿಡುವನ್ನು ಮೊದಲೇ ಕಳೆದುಕೊಳ್ಳಬೇಡಿ. ಇಂದಿನ ಪ್ರವಾಸಿಗೆ ಹಿಮದ ಭಯವಿಲ್ಲದಿರಬಹುದು, ರಜೆ ಮುಗಿಯುವ ದಿನವಂತೂ ಅಷ್ಟೇ ನಿಷ್ಠುರವಾಗಿ ಎದುರಿಗಿರುತ್ತದೆ.

ರಜೆಯ ಮಾತು ಬಂದದ್ದರಿಂದ, ಎಲ್ಲಕ್ಕಿಂತ ಬಲವಾದ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಅಮೆರಿಕದಲ್ಲಿ ಸಂಬಳ ಸಹಿತ ರಜೆಯನ್ನು ಕಡ್ಡಾಯಗೊಳಿಸುವ ರಾಷ್ಟ್ರಮಟ್ಟದ ಕಾನೂನೇ ಇಲ್ಲ. ಸಿಕ್ಕ ಹತ್ತು ದಿನದಲ್ಲಿ ಒಂದನ್ನು ನೆವಾಡದ ಬಯಲಿಗೆ ಕೊಟ್ಟರೆ ಯೆಲ್ಲೋಸ್ಟೋನ್‌ಗೆ ಒಂದು ದಿನ ಕಡಿಮೆಯಾಗುತ್ತದೆ. ಮತ್ತೆ ಯಾವಾಗ ಬರುತ್ತೇವೋ ಎಂಬ ಅಳುಕು ಸಹಜವಾದದ್ದು. ಆದರೆ ಆ ತುದಿಯಲ್ಲಿ ಸೇರಿಸುವ ಕಟ್ಟಕಡೆಯ ದಿನದ ಬೆಲೆಯನ್ನು ಸರಿಯಾಗಿ ತೂಗಬೇಕು. ಬುಗ್ಗೆಗಳನ್ನೂ ಕಣಿವೆಯನ್ನೂ ನೋಡಿಯಾದ ಮೇಲೆ ಬರುವ ಹೆಚ್ಚುವರಿ ದಿನದಲ್ಲಿ ಮಕ್ಕಳಿಗೆ ಹೊಸತು ಕಡಿಮೆ, ದಣಿವು ಹೆಚ್ಚು. ಅದೇ ದಿನ ದಾರಿಯಲ್ಲಿ ಸಿಕ್ಕರೆ ಎಲ್ಲವೂ ಹೊಸತು. ಮಕ್ಕಳೇ ಮನೆಗೆ ಹೋಗೋಣ ಎಂದು ಹಠ ಹಿಡಿಯುತ್ತಾರಲ್ಲ ಎನ್ನುವವರಿದ್ದಾರೆ. ಅವರಿಗೆ ಸಾಕಾಗಿರುವುದು ಬಹುಮಟ್ಟಿಗೆ ಸೀಟು ಬೆಲ್ಟಿನೊಳಗೆ ಕೂರುವುದು, ಮರದಡಿ ಆಡುವುದಲ್ಲ. ಹೊತ್ತಿರುವಾಗಲೇ ನಿಂತು ಟೆಂಟು ಹಾಕಿದರೆ ಅದೇ ಮಕ್ಕಳು ಮೊಳೆ ಹೊಡೆಯಲು ಮುಂದೆ ಬರುತ್ತಾರೆ. ಮನಸ್ಸು ಮನೆ ಸೇರಿದ ಮೇಲೆ ದಾರಿಯಲ್ಲಿ ಕಾಣುವುದೇನಿದೆ ಎಂಬ ಪ್ರಶ್ನೆಯೂ ಇದೆ. ಜಾನ್ ಸ್ಟೈನ್‌ಬೆಕ್ ತನ್ನ ನಾಯಿ ಚಾರ್ಲಿಯೊಂದಿಗೆ 1960ರಲ್ಲಿ ದೇಶ ಸುತ್ತಿ 1962ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ವರ್ಜೀನಿಯಾದ ಅಬಿಂಗ್‌ಡನ್ ಹತ್ತಿರವೇ ತನ್ನ ಪ್ರವಾಸ ಸತ್ತುಹೋಯಿತೆಂದೂ ಅಲ್ಲಿಂದ ಮನೆಯ ತನಕ ಏನನ್ನೂ ನಿಜವಾಗಿ ನೋಡಲಿಲ್ಲವೆಂದೂ ಒಪ್ಪಿಕೊಂಡಿದ್ದಾನೆ. ಇದನ್ನು ಪ್ರಕೃತಿನಿಯಮವೆಂದು ಓದಬೇಕಿಲ್ಲ. ಮನೆಯೊಂದನ್ನೇ ಗುರಿಯಾಗಿ ಹಿಡಿದವನಿಗೆ ಏನಾಗುತ್ತದೆ ಎಂಬುದರ ಪ್ರಾಮಾಣಿಕ ವರ್ಣನೆ ಅದು. ನಡುವೆ ಇನ್ನೊಂದು ಗುರಿಯಿದ್ದರೆ ಕಣ್ಣು ಮತ್ತೆ ತೆರೆಯುತ್ತದೆ.

ಅಂಥ ಗುರಿಗಳಿಗೆ ಯೆಲ್ಲೋಸ್ಟೋನ್‌ನಿಂದ ಮರಳುವ ದಾರಿಯಲ್ಲಿ ಕೊರತೆಯಿಲ್ಲ. ಎಲ್ಕೊ ಪಟ್ಟಣದ ಬಳಿ ರೂಬಿ ಪರ್ವತಗಳ ಲಮಾಯ್ಲ್ ಕಣಿವೆಯಿದೆ. ಹಿಮನದಿಗಳು ಕೊರೆದ ಆ ಕಣಿವೆಯಲ್ಲಿ ತೊರೆಯ ಪಕ್ಕದಲ್ಲೇ ಟೆಂಟು ಹಾಕಬಹುದು. ದಕ್ಷಿಣಕ್ಕೆ ಬಳಸಿ ಬರಲು ಎರಡು ದಿನವಿದ್ದರೆ 1986ರಲ್ಲಿ ರಾಷ್ಟ್ರೀಯ ಉದ್ಯಾನವಾದ ಗ್ರೇಟ್ ಬೇಸಿನ್ ಸಿಗುತ್ತದೆ. ಅಲ್ಲಿ ಸಾವಿರಾರು ವರ್ಷ ಬಾಳಿದ ಬ್ರಿಸಲ್‌ಕೋನ್ ಪೈನ್ ಮರಗಳಿವೆ, ಲೇಮನ್ ಗುಹೆಗಳಿವೆ, ನಗರದ ದೀಪ ಸೋಕದ ರಾತ್ರಿಯ ಆಕಾಶವಿದೆ. ಕೊನೆಯ ರಾತ್ರಿಗೆ ಟ್ರಕೀ ಊರಿನ ಡಾನರ್ ಸ್ಮಾರಕ ಉದ್ಯಾನ ಬಹಳ ಒಪ್ಪುವ ತಾಣ. ಆ ವರ್ಷದ ಹಿಮದ ಎತ್ತರವನ್ನು ತೋರಿಸಲೆಂದು 22 ಅಡಿ ಪೀಠದ ಮೇಲೆ ನಿಲ್ಲಿಸಿದ ಪ್ರತಿಮೆಯ ಬುಡದಲ್ಲಿ ಮಕ್ಕಳಿಗೆ ಆ ಕುಟುಂಬಗಳ ಕಥೆ ಹೇಳಬಹುದು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಉಳಿಯುವುದು ಮೂರು ನಾಲ್ಕು ಗಂಟೆಯ ದಾರಿ. ಬೆಳಗ್ಗೆ ಟೆಂಟು ಒಣಗಿಸಿ, ಉಳಿದ ಅವಲಕ್ಕಿ ಒಗ್ಗರಿಸಿ ತಿಂದು ಹೊರಟರೂ ಹಗಲಿನಲ್ಲೇ ಮನೆ.

ಹೀಗೆ ಮಾಡಲು ಕುಟುಂಬ ಪಾಲಿಸಬೇಕಾದ ಕ್ರಮ ಸರಳ. ಕೆಲಸಕ್ಕೆ, ಶಾಲೆಗೆ ಮರಳುವ ದಿನದ ಹಿಂದಿನ ಒಂದು ಇಡೀ ದಿನವನ್ನು ಮನೆಗೇ ಎಂದು ಮೊದಲು ಬರೆದಿಡಬೇಕು. ಅದರ ಹಿಂದಿನ ಪ್ರತಿ ದಿನದ ಓಡಾಟ ಆರೇಳು ಗಂಟೆ ಮೀರದಂತೆ, ಸಂಜೆಗೆ ಮುಂಚೆ ನಿಲ್ಲುವಂತೆ ತಂಗುವ ಜಾಗಗಳನ್ನು ಗುರುತಿಸಬೇಕು. ಹೀಗೆ ಹಿಮ್ಮುಖವಾಗಿ ಬರುತ್ತ ಉಳಿದ ದಿನಗಳೆಷ್ಟೋ ಅಷ್ಟನ್ನೇ ದೂರದ ತಾಣಕ್ಕೆ ಕೊಡಬೇಕು. ಅದು ಸಾಲದೆನಿಸಿದರೆ ಇನ್ನೂ ಹತ್ತಿರದ ತಾಣವನ್ನು ಆರಿಸುವುದೇ ವಿವೇಕ. ಈ ಮಾತು ಅಮೆರಿಕಕ್ಕೆ ಸೀಮಿತವೂ ಅಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ದೇಶದ ಉದ್ದಗಲಕ್ಕೂ ಇಂಥ ರಸ್ತೆಗಳು ಬರುತ್ತಿವೆ. ಬೆಂಗಳೂರಿನಿಂದ ಕಾರಿನಲ್ಲೇ ರಾಜಸ್ಥಾನಕ್ಕೆ, ಲಡಾಖಿಗೆ ಹೋಗಿ ಬರುವ ಕುಟುಂಬಗಳಿವೆ. 1956ರ ನಂತರ ಅಮೆರಿಕದ ಕುಟುಂಬಗಳಿಗೆ ಒದಗಿದ ಸೌಲಭ್ಯವೂ ಅದರ ಜೊತೆಗಿನ ಆಮಿಷವೂ ಈಗ ನಮಗೆ ಒದಗಿವೆ. ಅವರು ಎರಡು ತಲೆಮಾರಿನಲ್ಲಿ ರೂಢಿಸಿಕೊಂಡ ಅವಸರವನ್ನು ನಾವೂ ರೂಢಿಸಿಕೊಳ್ಳಬೇಕಿಲ್ಲ. ಪ್ರವಾಸ ಎಷ್ಟು ದೂರದ್ದಾಗಿರಬೇಕು ಎಂಬುದನ್ನು ಹೊರಡುವ ಉತ್ಸಾಹ ತೀರ್ಮಾನಿಸಬಾರದು. ಮಕ್ಕಳೊಂದಿಗೆ ಹಗಲಿನಲ್ಲಿ, ದಣಿಯದೆ, ಒಬ್ಬರ ಮೇಲೇ ಭಾರ ಹೇರದೆ ಮರಳಿ ಬರಲು ಬೇಕಾಗುವ ಸಮಯವೇ ಅದನ್ನು ತೀರ್ಮಾನಿಸಬೇಕು.